ಸುಟ್ಟ ಮೂಳೆ, ಗಂಟು ಹಾಕಿದ ಮೂಳೆ

ಮಗುವಿನ ಬಲಗಾಲನ್ನು ಎಡಗೈಗೆ ತಾಗಿಸುವಾಗ ಆ ಸದ್ದು ಬಂತು. ಒಣಗಿದ ತೊಗರಿಕಡ್ಡಿ ಮುರಿದಂತೆ, ಅಷ್ಟೇ ಸಣ್ಣದು. ಕಿವಿಗಿಂತ ಮೊದಲು ನನ್ನ ಹೆಬ್ಬೆರಳಿಗೆ ಗೊತ್ತಾಯಿತು.

ಕಂಪಲಾಪುರದಿಂದ ಒಂದು ಗಂಟೆ ನಡೆದರೆ ಸಿಗುವ ಊರು ನಮ್ಮದು. ಆಗ ಕರೆಂಟು ಬಂದು ಎರಡು ವರ್ಷವಾಗಿತ್ತು, ಎಪ್ಪತ್ತನೇ ಇಸವಿಯ ಹಿಂದುಮುಂದು ಇರಬೇಕು. ಎಳೆಮಕ್ಕಳಿಗೆ ನೀರು ಹಾಕುವುದು ನನ್ನ ಕೆಲಸ. ಬಚ್ಚಲಲ್ಲಿ ಮಣೆಯ ಮೇಲೆ ಕೂತು ಎರಡೂ ಕಾಲು ನೀಡಿ, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಹರಳೆಣ್ಣೆ ತಿಕ್ಕಬೇಕು. ಎದೆ, ಬೆನ್ನು, ತೊಡೆ. ಆಮೇಲೆ ಕೀಲು ಬಿಡಿಸಬೇಕು: ಬಲಗಾಲು ಎಡಗೈಗೆ, ಎಡಗಾಲು ಬಲಗೈಗೆ. ಬಿಸಿನೀರು ಹೊಯ್ದು, ಕಡಲೆಹಿಟ್ಟಿನಲ್ಲಿ ಜಿಡ್ಡು ತೆಗೆದು, ಕೊನೆಗೆ ಪಾದ ಹಿಡಿದು ತಲೆಕೆಳಗೆ ಮಾಡಿ ಒಂದು ಸಲ ಕೊಡವಬೇಕು. ಸಾಂಬ್ರಾಣಿ ಹೊಗೆ ತೋರಿಸಿ ಬಟ್ಟೆ ಸುತ್ತಿದರೆ ಮಗು ಮಧ್ಯಾಹ್ನದವರೆಗೆ ಏಳುವುದಿಲ್ಲ. ನನ್ನ ಅಜ್ಜಿ ಹೀಗೆ ಮಾಡಿದಳು, ನಾನೂ ಹೀಗೇ ಮಾಡಿದೆ. ಊರಲ್ಲಿ ನಡೆದಾಡುವ ಮಕ್ಕಳಲ್ಲಿ ಮುಕ್ಕಾಲು ಪಾಲು ನನ್ನ ಕಾಲ ಮೇಲೆ ಮಲಗಿದವೇ.

ಆ ಮಗು ನಲವತ್ತು ದಿನದ ಹೆಣ್ಣು. ಬಾಣಂತಿಗೆ ತವರಿನಲ್ಲಿ ಅಪ್ಪ ಅವ್ವ ಇರಲಿಲ್ಲ, ಮಿರ್ಲೆಯಲ್ಲಿ ಒಬ್ಬ ಅಣ್ಣ ಮಾತ್ರ. ಅದಕ್ಕೇ ಬಾಣಂತನ ಗಂಡನ ಮನೆಯಲ್ಲಿ. ಮನೆ ನಡೆಸುತ್ತಿದ್ದವಳು ಅವಳ ಅತ್ತೆ. ಬಾಯಿ ಬಿರುಸು, ಆದರೆ ಸುಳ್ಳು ಹೇಳುವ ಹೆಂಗಸಲ್ಲ. ಬಿತ್ತನೆ ರಾಗಿಯನ್ನೂ ಹಲ್ಲಲ್ಲಿ ಕಡಿದು ನೋಡದೆ ಮನೆಯೊಳಕ್ಕೆ ಬಿಟ್ಟುಕೊಂಡವಳಲ್ಲ.

ಸದ್ದಾದ ಮೇಲೆ ಮಗು ಕಿರುಚಿಕೊಂಡಿತು. ಕೂಗು ನನಗೆ ಹೊಸದಲ್ಲ, ಆದರೆ ಆ ಕೂಗು ಬೇರೆ. ನಾನು ಬೇಗ ಬೇಗ ನೀರು ಹೊಯ್ದೆ, ತಲೆಕೆಳಗೆ ಮಾಡಲಿಲ್ಲ, ಬಿಗಿಯಾಗಿ ಬಟ್ಟೆ ಸುತ್ತಿ ಬಾಣಂತಿಯ ಕೈಗೆ ಕೊಟ್ಟೆ. ಏನೂ ಹೇಳಲಿಲ್ಲ. ನನ್ನ ಕೈ ನಡುಗಲಿಲ್ಲ ಎಂದೇ ಬಹಳ ದಿನ ಅಂದುಕೊಂಡಿದ್ದೆ.

ಸಂಜೆಯೊಳಗೆ ಮಗುವಿನ ತೊಡೆ ಬದನೆಕಾಯಿಯಂತೆ ಊದಿತು. ಬಾಣಂತಿ ಮಗ್ಗುಲು ಹೊರಳುವಾಗ ಅದುಮಿದ್ದಾಳೆ ಎಂದು ಅತ್ತೆ ತೀರ್ಮಾನ ಮಾಡಿದಳು. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ನೀರು ಹಾಕುವವಳ ಕೈ ಮುರಿಯುವ ಕೈ ಎಂದು ಒಂದು ಮನೆಯಲ್ಲಿ ಗೊತ್ತಾದರೆ ಇನ್ನೊಂದು ಮನೆಯ ಬಚ್ಚಲು ಸಿಗುವುದಿಲ್ಲ. ಕಾರಣ ಅಷ್ಟೇ, ಇದಕ್ಕೆ ಬಣ್ಣ ಬಳಿಯುವುದಿಲ್ಲ.

ಮೂಳೆ ಕಟ್ಟುವವನು ಬಂದು ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಮೂರು ವಾರಕ್ಕೆ ಕೂಡಿಕೊಂಡಿತು. ಇಷ್ಟು ಚೆನ್ನಾಗಿ ಕೂಡುವ ಮೂಳೆ ಅಷ್ಟು ಸುಲಭವಾಗಿ ಮುರಿದದ್ದು ಹೇಗೆ ಎಂದು ನನ್ನ ತಲೆಯಲ್ಲಿ ಆಗಲೇ ಹುಳ ಬಿತ್ತು.

ದಬ್ಬೆ ಬಿಚ್ಚಿ ನಾಲ್ಕು ದಿನವಾಗಿರಲಿಲ್ಲ. ಬಾಣಂತಿ ಮಗುವಿಗೆ ಹೊಸ ಅಂಗಿ ಹಾಕುತ್ತಿದ್ದಳು. ತೋಳಿಗೆ ಕೈ ತೂರಿಸುವಾಗ ಮತ್ತೆ ಅದೇ ಸದ್ದು. ಈ ಸಲ ಮೊಣಕೈಗಿಂತ ಮೇಲೆ, ಕೈಗೂ ದಬ್ಬೆ ಬಿತ್ತು. ಅತ್ತೆ ಎದುರಿಗೇ ಇದ್ದಳು.

ಅವತ್ತಿನಿಂದ ಅತ್ತೆ ಮಗುವನ್ನು ತನ್ನ ಹಾಸಿಗೆಗೆ ಹಾಕಿಕೊಂಡಳು. ಹಾಲು ಕುಡಿಸುವುದಕ್ಕೆ ಮಾತ್ರ ತಾಯಿಗೆ ಕೊಡುವುದು, ಅದೂ ಎದುರಿಗೆ ಕೂತು. ಮಿರ್ಲೆಯ ಅಣ್ಣನಿಗೆ ಹೇಳಿ ಕಳಿಸಿದಳು: ಅಮಾವಾಸ್ಯೆ ಕಳೆದ ಮಾರನೇ ದಿನ ಬಂದು ತಂಗಿಯನ್ನು ಕರೆದುಕೊಂಡು ಹೋಗಲಿ, ಮಗು ಇಲ್ಲೇ ಇರಲಿ, ಹಸುವಿನ ಹಾಲಿದೆ. ಅಮಾವಾಸ್ಯೆಗೆ ಇನ್ನೂ ಇಪ್ಪತ್ತು ದಿನ ಇತ್ತು.

ಜೊತೆಗೆ ವೈದ್ಯವೂ ಶುರುವಾಯಿತು. ಮೂಳೆಗೆ ಸುಣ್ಣ ಕಮ್ಮಿ ಎಂದು ಅತ್ತೆ ಸುಣ್ಣದ ತಿಳಿನೀರನ್ನು ದಿನಕ್ಕೆ ಎರಡು ಸಲ ಹಾಲಿಗೆ ಬೆರೆಸಿ ಕುಡಿಸಿದಳು. ಕೀಲು ಸಡಿಲ, ಇನ್ನೂ ಗಟ್ಟಿಯಾಗಿ ಎಳೆದು ತಿಕ್ಕು ಎಂದು ನನಗೆ ಹೇಳಿದಳು. ನಾನು ತಿಕ್ಕುವ ಹಾಗೆ ಮಾಡಿ ಸುಮ್ಮನೆ ಎಣ್ಣೆ ಸವರುತ್ತಿದ್ದೆ. ಎಷ್ಟು ದಿನ ಹಾಗೆ ಮಾಡಲಾಗುತ್ತದೆ? ನಾನು ಬರದ ದಿನ ಆಕೆಯೇ ಎಳೆಯುತ್ತಾಳೆ.

ಅತ್ತೆ ಹಿತ್ತಲಲ್ಲಿ ಹಂಡೆ ಒಲೆಗೆ ಸೌದೆ ತುಂಬುತ್ತಿದ್ದಾಗ ಆಕೆಗೆ ಹೇಳಿಬಿಟ್ಟೆ.

"ದೊಡ್ಡವ್ವ, ಮೊದಲ್ನೇ ಸಲ ಕಾಲು ಮುರಿದಿದ್ದು ನನ್ನ ಕೈಲಿ. ನಿನ್ನ ಸೊಸೆ ಅಲ್ಲ."

ಆಕೆ ತಿರುಗಿಯೂ ನೋಡಲಿಲ್ಲ.

"ನಿನ್ನ ಕೈಲಿ ಊರ ಮಕ್ಕಳೆಲ್ಲ ಬೆಳೆದವೆ. ಅವಳ್ನ ಉಳಿಸಾಕೆ ಸುಳ್ಳು ಏಳ್ತಿದ್ದೀಯ. ಸುಮ್ಕಿರಮ್ಮಿ."

ನಿಜ ಮುಚ್ಚಿಟ್ಟು ಸುಮ್ಮನಿದ್ದಾಗ ನಂಬಿದರು, ನಿಜ ಹೇಳಿದರೆ ನಂಬಲಿಲ್ಲ. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಮಗುವಿನ ಅಪ್ಪನನ್ನು ಹೊಲದಲ್ಲಿ ಹಿಡಿದು, ಹುಣಸೂರಿನ ಆಸ್ಪತ್ರೆಗೆ ಹೊರಡಿಸಿದೆ. ಅವನು ತಾಯಿಗೆ ಹೆದರುವವನು, ಆದರೆ ಮಗುವಿನ ಕೂಗಿಗೆ ಇನ್ನೂ ಹೆಚ್ಚು ಹೆದರಿದ್ದ.

ಬಸ್ಸಿನಲ್ಲಿ ಮಗುವನ್ನು ಹೇಗೆ ಒಯ್ಯುವುದು? ಕೈಯಲ್ಲಿ ಎತ್ತಿದರೆ ಬೆರಳು ಒತ್ತುತ್ತದೆ, ಗುಂಡಿಗೆ ಬಸ್ಸು ಹಾರಿದರೆ ಮುಗಿಯಿತು. ಒಳಗಿನಿಂದ ಅಗಲದ ಮೊರ ತಂದು, ಹಳೇ ಸೀರೆ ನಾಲ್ಕು ಮಡಿಕೆ ಹಾಸಿ, ಮಗುವನ್ನು ಅದರಲ್ಲಿ ಮಲಗಿಸಿ, ಎರಡು ಪಕ್ಕಕ್ಕೂ ಬಟ್ಟೆಯ ಸಿಂಬಿ ಇಟ್ಟೆ. ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರೆ ಬಸ್ಸಿನ ಏಟೆಲ್ಲ ನನ್ನ ತೊಡೆಗೆ, ಮಗುವಿಗೆ ಉಯ್ಯಾಲೆ. ತಾಯಿ ಪಕ್ಕದಲ್ಲಿ ಕೂತಿದ್ದಳು.

"ಮೊರದಲ್ಲಿ ಏನಮ್ಮ, ತರಕಾರಿನಾ?" ಎಂದ ಕಂಡಕ್ಟರು.

"ಊ ಕಣಪ್ಪ, ಎಳೇದು. ಒಸಿ ದೂರ ನಿಂತ್ಕೊ."

ಹುಣಸೂರಿನ ಡಾಕ್ಟರು ಮಗುವಿನ ಕೈಕಾಲು ಮುಟ್ಟುವ ಮೊದಲು ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. ನನ್ನನ್ನು ಹತ್ತಿರ ಕರೆದು, ಬಿಳಿ ಗುಡ್ಡೆಯ ಬಣ್ಣ ಏನು ಎಂದು ಕೇಳಿದರು. ನೀಲಿ ಹಾಕಿ ಜಾಲಿಸಿದ ಪಂಚೆಯ ಬಣ್ಣ ಎಂದೆ. ದಿನಾ ನೋಡುತ್ತಿದ್ದೆ, ಚೆಂದದ ಕಣ್ಣು ಅಂದುಕೊಂಡಿದ್ದೆ. ಅವರು ಮೈಸೂರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಎಕ್ಸರೆ ತೆಗೆಸಿ ಎರಡು ದಿನ ಬಿಟ್ಟು ಮತ್ತೆ ಅವರ ಮುಂದೆ ನಿಂತೆವು. ಅವರು ಕಪ್ಪು ಹಾಳೆಯನ್ನು ಕಿಟಕಿಗೆ ಹಿಡಿದು ತೋರಿಸಿದರು. ಪಕ್ಕೆಲುಬಿನಲ್ಲಿ ಎರಡು ಕಡೆ ಸಣ್ಣ ಗಂಟು. ಹಳೇ ಮುರಿತ, ಹೊಟ್ಟೆಯಲ್ಲಿದ್ದಾಗಲೇ ಆಗಿ ಕೂಡಿಕೊಂಡಿರಬಹುದು ಎಂದರು.

ಬಾಣಂತಿ ಮೊರದ ಮೇಲೆ ಬಗ್ಗಿ ಮಗುವಿನ ಪಕ್ಕೆಯನ್ನು ಬೆರಳ ತುದಿಯಲ್ಲಿ ಮುಟ್ಟಿದಳು.

ಡಾಕ್ಟರು ನನ್ನನ್ನು ಕೇಳಿದರು: "ಮಣ್ಣಿನ ಗೋಡೆ ಹಾಕೋವಾಗ ಮಣ್ಣಿಗೆ ಹುಲ್ಲು ಯಾಕಮ್ಮ ಕಲಸ್ತೀರಿ?"

"ಬಿರುಕು ಬಿಡಬಾರ್ದು ಅಂತ, ಬುದ್ಧಿ."

"ಮೂಳೇನೂ ಹಾಗೇ. ಸುಣ್ಣ ಗಟ್ಟಿತನ ಕೊಡುತ್ತೆ. ಒಳಗೆ ನಾರು ಇರುತ್ತೆ, ಅದು ಬಾಗೋ ಗುಣ ಕೊಡುತ್ತೆ. ಈ ಮಗೂಗೆ ಸುಣ್ಣ ಇದೆ. ನಾರೇ ಸರಿಯಿಲ್ಲ. ಕೊಳೆತ ಹುಲ್ಲು ಕಲಸಿದ ಗೋಡೆ ಇದು."

ಆ ನಾರಿಗೆ ಇಂಗ್ಲಿಷಿನಲ್ಲಿ ಒಂದು ಹೆಸರು ಹೇಳಿದರು, ಕೊಲಾಜನ್ ಎಂದೇನೋ. ನಾರು ಚೆನ್ನಾಗಿದ್ದರೆ ಪೆಟ್ಟು ಬಿದ್ದಾಗ ಮೂಳೆ ಸ್ವಲ್ಪ ಬಾಗಿ ತಡೆದುಕೊಳ್ಳುತ್ತದೆ. ನಾರು ಕೆಟ್ಟರೆ ಎಷ್ಟು ಸುಣ್ಣ ತುಂಬಿದರೂ ಚಟ್ ಎನ್ನುತ್ತದೆ. ಔಷಧಿ ಇಲ್ಲ, ಜೋಪಾನವೇ ಔಷಧಿ. ಮುರಿದದ್ದು ಕೂಡುತ್ತದೆ, ಮತ್ತೆ ಮುರಿಯುತ್ತದೆ, ದೊಡ್ಡವಳಾಗುತ್ತ ಕಮ್ಮಿಯಾಗುವ ಸಂಭವ ಇದೆ. ಇದು ಯಾರ ತಪ್ಪೂ ಅಲ್ಲ. ಕೊನೆಯ ಮಾತನ್ನು ಅವರು ಮಗುವಿನ ಅಪ್ಪನ ಮುಖ ನೋಡಿ ಹೇಳಿದರು.

ಇಷ್ಟು ವರ್ಷ ಸಾವಿರ ಸಲ ಕೈಕಾಲು ಮಡಿಸಿದ್ದೇನೆ. ಒಂದು ಸಲವೂ ಮೂಳೆಯೊಳಗೆ ಏನಿದೆ ಎಂದು ಕೇಳಿದವಳಲ್ಲ.

ಊರಿಗೆ ಬಂದು ಮಗ ಎಲ್ಲವನ್ನೂ ತಾಯಿಗೆ ಹೇಳಿದ. ಆಕೆ ಎಕ್ಸರೆ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹೊಗೆ ಹಿಡಿದ ಗಾಜಿನಲ್ಲಿ ಯಾರಿಗೆ ಏನು ಬೇಕೋ ಅದು ಕಾಣುತ್ತದೆ ಎಂದಳು. ಮೂಳೆಯಲ್ಲಿ ನಾರಂತೆ, ಅದೇನು ಗೋಣಿಚೀಲವೇ ಎಂದಳು. ಸುಣ್ಣದ ನೀರು ನಿಲ್ಲಲಿಲ್ಲ. ಅಮಾವಾಸ್ಯೆಗೆ ಹದಿನಾಲ್ಕು ದಿನ ಉಳಿದಿತ್ತು.

ಈ ಹೆಂಗಸಿಗೆ ಮಾತು ಸಾಲದು, ಕೈಗೆ ಕೊಡಬೇಕು ಎಂದು ಅವತ್ತೇ ನನಗೆ ಹೊಳೆಯಿತು. ಸುಟ್ಟ ಮೂಳೆಯನ್ನು ನಾನು ಕಂಡಿದ್ದೆ. ಬೆಂಕಿಯಲ್ಲಿ ಬಿದ್ದ ಮೂಳೆ ಆಕಾರ ಕಳೆದುಕೊಳ್ಳುವುದಿಲ್ಲ, ಸುಣ್ಣದ ಹಾಗೆ ಬೆಳ್ಳಗೆ ಇರುತ್ತದೆ, ಮುಟ್ಟಿದರೆ ಪುಡಿ. ಅಂದರೆ ಬೆಂಕಿ ನಾರನ್ನು ತಿಂದು ಸುಣ್ಣ ಬಿಟ್ಟಿದೆ. ಹಾಗಾದರೆ ಸುಣ್ಣ ತೆಗೆದು ನಾರು ಉಳಿಸುವುದು ಹೇಗೆ? ಹುಳಿ! ಹುಳಿಗೆ ಸುಣ್ಣ ಕರಗುವುದು ಎಲೆಅಡಿಕೆ ಹಾಕುವ ಯಾವ ಮುದುಕಿಗೂ ಗೊತ್ತು.

ನಾಟಿಕೋಳಿ ಕೊಯ್ದ ಮನೆಯಿಂದ ಎರಡು ಹಸೀ ಕಾಲುಮೂಳೆ ತಂದೆ. ಬೇಯಿಸಿದ್ದಲ್ಲ, ಬೇಯಿಸಿದರೆ ಸಾರಿಗೆ ನಾರಿನ ಅಂಟೂ ಇಳಿದುಹೋಗುತ್ತದೆ ಎಂದು ನನ್ನ ಅಂದಾಜು. ಮಾಂಸ ಹೆರೆದು, ಬೂದಿ ಹಾಕಿ ಉಜ್ಜಿ ತೊಳೆದೆ. ಒಂದನ್ನು ನಿಂಬೆರಸದ ಕುಡಿಕೆಯಲ್ಲಿ ಮುಳುಗಿಸಿ ಅತ್ತೆಯ ಹಿತ್ತಲ ಗೋಡೆಯ ಗೂಡಿನಲ್ಲೇ ಇಟ್ಟೆ, ಆಕೆಯ ಕಣ್ಣೆದುರಿಗೆ ಇರಲಿ ಎಂದು. ಇನ್ನೊಂದನ್ನು ಸುಡುವುದಕ್ಕೆ ಎತ್ತಿಟ್ಟೆ.

ನಾಲ್ಕನೇ ದಿನ ತೆಗೆದು ಬಾಗಿಸಿದೆ. ಮೇಲೆ ಮೆತ್ತಗಾಗಿತ್ತು, ನಡುವೆ ಪಟ್ಟೆಂದು ಮುರಿಯಿತು.

"ಇದೇನಾ ನಿನ್ನ ಗೋಣಿಚೀಲ?" ಎಂದು ಅತ್ತೆ ನಕ್ಕಳು. ಸೊಸೆ ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು.

ಒಂದು ಮೂಳೆ ಹೋಯಿತು, ನಾಲ್ಕು ದಿನ ಹೋಯಿತು. ನಿಂಬೆಗಿಂತ ಗಟ್ಟಿ ಹುಳಿ ಬೇಕು. ಪ್ರತಿ ಚಳಿಗಾಲದಲ್ಲಿ ನಾನು ಕೊಡಗಿಗೆ ಕಾಫಿ ಕುಯ್ಯಲು ಹೋಗುತ್ತಿದ್ದೆ. ತೋಟದ ಅಮ್ಮನ ಅಡುಗೆಮನೆಯಲ್ಲಿ ಹಂದಿಮಾಂಸಕ್ಕೆ ಹಾಕುವ ಕಾಚಂಪುಳಿ ಎಂಬ ಕಪ್ಪು ಹುಳಿಯ ಜಾಡಿ ಇತ್ತು. ಒಂದು ವರ್ಷ ಆ ಜಾಡಿಯ ತಳದಲ್ಲಿ ಕೋಳಿಮೂಳೆಯ ಚೂರು ಸಿಕ್ಕಿ, ಅದು ರಬ್ಬರಿನಂತೆ ಬಳುಕುವುದನ್ನು ನೋಡಿ ಕೆಲಸದವರೆಲ್ಲ ನಕ್ಕಿದ್ದೆವು. ಅದು ನೆನಪಾದದ್ದೇ ತಡ, ಹುಲ್ಲು ಕೊಯ್ಯುತ್ತಿದ್ದ ಕುಡುಗೋಲನ್ನು ಅಲ್ಲೇ ಬಿಟ್ಟು ಕುಶಾಲನಗರದ ಬಸ್ಸು ಹತ್ತಿದೆ. ಆ ಅಮ್ಮ ನನ್ನನ್ನು ನೋಡಿ ಬೆರಗಾದರು.

"ಹಂದಿ ಇಲ್ಲದೆ ಕಾಚಂಪುಳಿ ಎಂತಕ್ಕೆ ನಿಂಗೆ?"

ಕಾರಣ ಹೇಳಿದೆ. ಅವರು ಸಣ್ಣ ಸೀಸೆ ತುಂಬ ಕೊಟ್ಟರು. ಬೇಯಿಸಬೇಡ, ಸ್ವಲ್ಪ ನೀರು ಬೆರೆಸು, ದಪ್ಪ ಇದ್ದರೆ ಒಳಗೆ ಇಳಿಯುವುದಿಲ್ಲ ಎಂದು ಹೇಳಿದರು. ಬರುವಾಗ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಕೂತಿದ್ದೆ, ಬಾಣಂತಿಯರು ಮಗು ಹಿಡಿದ ಹಾಗೆ.

ಈ ಸಲ ಒಂದೇ ಕೋಳಿಯ ಎರಡು ಕಾಲಿನ ಮೂಳೆ ತಂದೆ. ಬೇರೆ ಬೇರೆ ಕೋಳಿ ಆದರೆ ಅತ್ತೆ ಅದನ್ನೇ ಹಿಡಿದುಕೊಳ್ಳುತ್ತಾಳೆ. ಒಂದನ್ನು ಹುಳಿಗೆ ಹಾಕಿದೆ. ಹಾಕಿದ ಸ್ವಲ್ಪ ಹೊತ್ತಿಗೆ ಮೂಳೆಯ ಮೈಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆ ಎದ್ದವು. ನಾನು ಕುಡಿಕೆಯ ಮೇಲೆ ಬಗ್ಗಿಕೊಂಡು ನೋಡುತ್ತಲೇ ಇದ್ದೆ. ಸುಣ್ಣ ಹೋಗುತ್ತಿದೆ, ನನ್ನ ಕಣ್ಣೆದುರಿಗೇ ಹೋಗುತ್ತಿದೆ! ಬೇರೆ ಮನೆಗೆ ನೀರು ಹಾಕಲು ತಡವಾಗಿ ಅಲ್ಲಿ ಬೈಸಿಕೊಂಡೆ.

ಎರಡು ದಿನಕ್ಕೊಮ್ಮೆ ಹುಳಿ ಚೆಲ್ಲಿ ಹೊಸದು ಹಾಕಿದೆ. ಮೂರನೇ ದಿನ ತುದಿ ಉಗುರಿಗೆ ತಗ್ಗಿತು. ಐದನೇ ದಿನ ತುದಿ ಬಾಗಿತು, ನಡು ಬಾಗಲಿಲ್ಲ. ಬಲವಂತ ಮಾಡಬೇಕೆಂದು ಕೈ ತುರಿಸಿತು. ಮೊದಲಿನ ಮೂಳೆ ನೆನಪಾಗಿ ವಾಪಸ್ಸು ಮುಳುಗಿಸಿದೆ. ಸೀಸೆಯಲ್ಲಿ ಹುಳಿ ತಳ ಕಂಡಿತ್ತು. ಈಗ ಅತ್ತೆಯೂ ದಿನಕ್ಕೊಮ್ಮೆ ಗೂಡಿನ ಹತ್ತಿರ ಬಂದು ಇಣುಕುತ್ತಿದ್ದಳು, ನಾನು ನೋಡಿದರೆ ಸೌದೆ ಎಣಿಸುವವಳಂತೆ ನಿಲ್ಲುತ್ತಿದ್ದಳು.

ಅಮಾವಾಸ್ಯೆಯ ಮಾರನೇ ಬೆಳಿಗ್ಗೆ ಮಿರ್ಲೆಯ ಅಣ್ಣ ಬಂದು ಜಗಲಿಯ ಮೇಲೆ ಕೂತ. ಬಾಣಂತಿಯ ಬಟ್ಟೆಗಂಟು ಬಾಗಿಲಲ್ಲಿ ಇತ್ತು. ನಾನು ಯಾರನ್ನೂ ಕೇಳದೆ, ಎತ್ತಿಟ್ಟಿದ್ದ ಅದೇ ಕೋಳಿಯ ಇನ್ನೊಂದು ಮೂಳೆಯನ್ನು ಹಂಡೆ ಒಲೆಯ ಕೆಂಡದೊಳಗೆ ತಳ್ಳಿದೆ. ಮೊದಲು ಅದು ಕಪ್ಪಗಾಯಿತು, ನಾತ ಬಂತು. ಕಪ್ಪಿನಲ್ಲೇ ತೆಗೆದರೆ ಕೆಲಸ ಕೆಟ್ಟಿತು ಎಂದು ಕಾದೆ. ನಿಧಾನವಾಗಿ ಬೂದುಬಣ್ಣ, ಆಮೇಲೆ ಬಿಳಿ. ತಗಡಿನ ಚೂರಿನಲ್ಲಿ ಎತ್ತಿ ಆರಲು ಬಿಟ್ಟೆ. ಆಕಾರದಲ್ಲಿ ಒಂದು ಕೂದಲೂ ವ್ಯತ್ಯಾಸ ಇರಲಿಲ್ಲ.

"ದೊಡ್ಡವ್ವ, ಬಾ ಇಲ್ಲಿ. ಇದು ಸುಣ್ಣ ತುಂಬಿರೋ ಮೂಳೆ. ಇಡ್ಕೊ."

ಆಕೆ ಎರಡು ಬೆರಳಲ್ಲಿ ಹಿಡಿದಳು. ಒತ್ತಿದ್ದೂ ಗೊತ್ತಾಗಲಿಲ್ಲ, ಮೂಳೆ ಪುಡಿಯಾಗಿ ಉದುರಿತು. ಆಕೆ ಬೆರಳನ್ನು ನೋಡಿಕೊಂಡಳು. ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು.

ಆಮೇಲೆ ಕುಡಿಕೆಗೆ ಕೈ ಹಾಕಿದೆ. ಮೂಳೆ ತೆಗೆದು ನೀರಲ್ಲಿ ತೊಳೆದೆ. ನೋಡಲು ಮೂಳೆಯೇ. ಎರಡು ತುದಿ ಹಿಡಿದು ಬಾಗಿಸಿದೆ. ಬಾಗಿತು. ಪೂರ್ತಿ ಬಾಗಿತು. ತುದಿಯನ್ನು ಒಳಗೆ ತೂರಿಸಿ ಗಂಟು ಹಾಕಿ ಆಕೆಯ ಅಂಗೈಗೆ ಇಟ್ಟೆ.

"ಸುಣ್ಣ ಓಗದೆ. ಇದು ಬರೀ ನಾರು. ಮುರಿ ನೋಡಾನ."

ಆಕೆ ಎಳೆದಳು. ತಿರುಚಿದಳು. ಕೊನೆಗೆ ರಾಗಿ ನೋಡುವ ಹಾಗೆ ಹಲ್ಲಿಗೆ ಹಾಕಿ ಕಚ್ಚಿದಳು. ಹುಳಿಗೆ ಮುಖ ಕಿವಿಚಿಕೊಂಡಿತು, ಮೂಳೆ ಮಾತ್ರ ತುಂಡಾಗಲಿಲ್ಲ. ಜಗಲಿಯಲ್ಲಿದ್ದ ಅಣ್ಣ, ಆಕೆಯ ಮಗ, ಸೊಸೆ, ಎಲ್ಲರೂ ಹಿತ್ತಲಿಗೆ ಬಂದು ನಿಂತಿದ್ದರು. ನಾನು ಹೇಳಿದೆ: ನಿನ್ನ ಮೊಮ್ಮಗಳ ಮೂಳೆ ಪೂರ್ತಿ ಸುಟ್ಟದ್ದಲ್ಲ, ಆದರೆ ಆ ಕಡೆಗೆ ವಾಲಿದ್ದು. ಇದಕ್ಕೆ ಸುಣ್ಣ ಹೊಯ್ದರೆ ಏನು ಬಂತು? ಹೊಟ್ಟೆಯೊಳಗೇ ಮುರಿದ ಪಕ್ಕೆಯನ್ನು ಯಾವ ಸೊಸೆ ಅದುಮಿದಳು?

ಆಕೆ ಮೂಳೆಯ ಗಂಟನ್ನು ಒಲೆಯ ಕಟ್ಟೆಯ ಮೇಲೆ ಇಟ್ಟಳು. ಆಮೇಲೆ ಗೂಡಿನಲ್ಲಿದ್ದ ಸುಣ್ಣದ ತಿಳಿಯ ಚೆಂಬನ್ನು ಎತ್ತಿ ಬಾಳೆಯ ಬುಡಕ್ಕೆ ಸುರಿದಳು.

"ಅಂಗಾರೆ ಮೊದಲ್ನೇ ಕಾಲು ನಿನ್ನ ಕೈಲೇನಾ?"

"ನನ್ನ ಕೈಲೇ. ಅವತ್ತೇ ಏಳಬೇಕಿತ್ತು, ಏಳ್ನಿಲ್ಲ."

ಈ ಸಲ ನಂಬಿದಳು. ನಂಬಿದ್ದು ಮುಖದಲ್ಲಿ ಕಂಡಿತು. ಅಣ್ಣನ ಕಡೆ ತಿರುಗಿ, "ಉಂಡ್ಕಂಡು ಓಗಪ್ಪ. ನಿನ್ನ ತಂಗಿ ಎಲ್ಲೂ ಬರಕಿಲ್ಲ" ಎಂದಳು. ನನಗೆ ಹೇಳಿದ್ದು ಬೇರೆ. ಒಂದು ತಿಂಗಳು ಬಂದು ಸೊಸೆಗೆ ಎಲ್ಲ ಕಲಿಸು, ಕಲಿಸಿಯಾದ ಮೇಲೆ ನನ್ನ ಬಚ್ಚಲಿಗೆ ಕಾಲಿಡಬೇಡ ಎಂದಳು. ನ್ಯಾಯವೇ.

ಆ ತಿಂಗಳು ನನ್ನ ಅಜ್ಜಿ ಕಲಿಸಿದ್ದನ್ನೆಲ್ಲ ತಿರುವಿ ಹಾಕಿದೆ. ಕಾಲ ಮೇಲೆ ಮಲಗಿಸುವುದು ಬಿಟ್ಟು ಮೊರದಲ್ಲೇ ಸ್ನಾನ, ನೀರು ಹೊಯ್ಯದೆ ಬಟ್ಟೆ ಅದ್ದಿ ಒರೆಸುವುದು. ಕಂಕುಳಿಗೆ ಕೈ ಹಾಕಿ ಎತ್ತಬಾರದು. ಒಂದು ಅಂಗೈ ತಲೆ ಮತ್ತು ಭುಜದ ಕೆಳಗೆ, ಒಂದು ಅಂಗೈ ಕುಂಡಿಯ ಕೆಳಗೆ, ಬೆರಳು ಅಗಲ. ಕುಂಡಿ ತೊಳೆಯುವಾಗ ಪಾದ ಹಿಡಿದು ಎತ್ತಬಾರದು, ಅಂಗೈ ತೂರಿಸಿ ಎತ್ತಬೇಕು. ತೋಳಿನ ಅಂಗಿಗಳನ್ನೆಲ್ಲ ಕತ್ತರಿಸಿ ಮುಂದೆ ಲಾಡಿ ಕಟ್ಟುವ ಹಾಗೆ ಮಾಡಿದೆವು. ಎಣ್ಣೆ ಎರಡು ಬೆರಳ ತುದಿಯಲ್ಲಿ, ಎಳೆಯುವುದಿಲ್ಲ, ಮಡಿಸುವುದಿಲ್ಲ. ಬಾಣಂತಿ ಬೇಗ ಕಲಿತಳು. ಅತ್ತೆ ಕಲಿಯುವುದಿಲ್ಲ ಎನ್ನುತ್ತಲೇ ಬಾಗಿಲಲ್ಲಿ ಕೂತು ಎಲ್ಲವನ್ನೂ ಕಲಿತಳು.

ನಡುವೆ ಹುಣಸೂರಿಗೆ ಹೋದಾಗ ಗಂಟು ಹಾಕಿದ ಮೂಳೆಯನ್ನು ಡಾಕ್ಟರಿಗೆ ತೋರಿಸಿದೆ. ಅಷ್ಟು ಹೊತ್ತಿಗೆ ಅದು ಒಣಗಿ ಕೊಂಬಿನಂತೆ ಆಗಿತ್ತು, ಗಂಟು ಹಾಗೇ ಇತ್ತು. ಅವರು ಜೋರಾಗಿ ನಕ್ಕು, ನರ್ಸುಗಳನ್ನೆಲ್ಲ ಕರೆದು ತೋರಿಸಿ, ಇದನ್ನು ನನಗೆ ಬಿಟ್ಟು ಹೋಗು ಎಂದರು. ಕೊಡಲಿಲ್ಲ. ಇನ್ನೊಂದು ಮಾಡಿಕೊಡುತ್ತೇನೆ, ಕಾಚಂಪುಳಿ ನೀವು ತರಿಸಿ ಎಂದೆ.

ಕೊನೆಯ ದಿನ ಬಾಣಂತಿಯೇ ಮಣೆಯ ಮೇಲೆ ಕೂತಿದ್ದಳು, ನಾನು ಪಕ್ಕದಲ್ಲಿ. ಮಗು ಸೀರೆಯ ಮಡಿಕೆಯಲ್ಲಿ ಬಿದ್ದುಕೊಂಡು ನೀಲಿ ಕಣ್ಣು ಬಿಟ್ಟು ಹಂಡೆಯ ಹೊಗೆ ನೋಡುತ್ತಿತ್ತು. ಬಾಣಂತಿ ತಲೆ ಎತ್ತದೆ ಹೇಳಿದಳು:

"ನಂಗೆ ಅವತ್ತೇ ಗೊತ್ತಿತ್ತು ಕಣಕ್ಕ. ಮಗಿನ ಕೊಡೋವಾಗ ನಿನ್ನ ಕೈ ನಡುಗ್ತಿತ್ತು. ಯಾವತ್ತೂ ನಡುಗದ ಕೈ."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಈ ಮನೇಲಿ ನನ್ನ ಜೊತೆ ಮಾತಾಡ್ತಿದ್ದೋಳು ನೀನೊಬ್ಬಳೇ. ನಿನ್ನೂ ಓಡಿಸ್ಬುಟ್ರೆ ನಂಗ್ಯಾರು?"

ನೀರು ಆರುತ್ತಿತ್ತು.

"ಬೆರಳು ಅಗಲ ಮಾಡು" ಎಂದೆ.